ಕುಡುಗೋಲು ಯಾರ ಕೈಯಲ್ಲಿದೆ?



ನಿಮ್ಮ ಸಹಕಾರಿ ಸಂಘದ ಆಡಿಟ್ ವರದಿಯನ್ನು ಎಂದಾದರೂ ಕೈಯಲ್ಲಿ ಹಿಡಿದು ಓದಿದ್ದೀರಾ? ನಾನಂತೂ ಬಹಳ ವರ್ಷ ಓದಿರಲಿಲ್ಲ. ವಾರ್ಷಿಕ ಸಭೆಗೆ ಹೋಗುವುದು, ಅವಲಕ್ಕಿ ತಿಂದು ಚಹಾ ಕುಡಿಯುವುದು, 'ಮಂಜೂರೇ?' ಅಂದಾಗ ಕೈ ಎತ್ತುವುದು, ಮನೆಗೆ ಬರುವುದು. ಇಷ್ಟೇ ನನ್ನ ಸಹಕಾರ.

ಹಿಂದೆ ಬೇರೆ ಊರಲ್ಲಿ ಹೊಲ ಮಾಡುತ್ತಿದ್ದಾಗ ಅಲ್ಲಿಯ ಸಂಘದಿಂದ ನೋಟೀಸು ಬಂತು. ಬೆಳೆಸಾಲ ಬಾಕಿ ಇದೆ, ಬಡ್ಡಿ ಸಮೇತ ಕಟ್ಟು ಅಂತ. ಆ ಸಾಲವನ್ನು ಗೋವಿನಜೋಳ ಮಾರಿ ನಾನು ತೀರಿಸಿದ್ದೆ. ರಸೀದಿ ಟ್ರಂಕಿನಲ್ಲಿತ್ತು, ದುಡ್ಡು ಮಾತ್ರ ಸಂಘದ ಕಿರ್ದಿಗೆ ಏರಿರಲಿಲ್ಲ. ರಸೀದಿ ಕಳೆದುಕೊಂಡವರು ಪಾಪ, ಎರಡನೇ ಸಲ ಕಟ್ಟಿದರು. ಆಮೇಲೆ ಹಳೇ ಆಡಿಟ್ ವರದಿ ತೆಗೆಸಿ ನೋಡಿದರೆ, ಹಿಂದಿನ ವರ್ಷವೇ ಅದರಲ್ಲಿ ಒಂದು ಶಬ್ದ ಕೂತಿತ್ತು: 'ಡಿಫಾಲ್ಕೇಶನ್'. ಆ ವರದಿಗೆ ಕೈ ಎತ್ತಿದವರಲ್ಲಿ ನಾನೂ ಒಬ್ಬ!

ಕಿರವತ್ತಿಯಲ್ಲಿ ನಾಲ್ಕು ಜನರನ್ನು ಅರ್ಥ ಕೇಳಿದೆ. 'ಏನೋ ಲೆಕ್ಕದ ಹೆಚ್ಚುಕಮ್ಮಿ ಇರಬೇಕು ಬಿಡ್ರೀ' ಅಂದರು. ಕೊನೆಗೆ ನಿಘಂಟು ತೆರೆದೆ. ಲ್ಯಾಟಿನ್ ಭಾಷೆಯಲ್ಲಿ 'ಫಾಲ್ಕ್ಸ್' ಅಂದರೆ ಕುಡುಗೋಲು. 'ಡಿಫಾಲ್ಕಾರೆ' ಅಂದರೆ ಕುಡುಗೋಲಿನಿಂದ ಕೊಯ್ದು ತೆಗೆಯುವುದು. 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಇದರ ಅರ್ಥ ಬರೀ ಕಡಿತ, ವಜಾ. 19ನೇ ಶತಮಾನದ ಹೊತ್ತಿಗೆ, ನಂಬಿ ಒಪ್ಪಿಸಿದ ಹಣ ನುಂಗುವುದಕ್ಕೂ ಅದೇ ಹೆಸರಾಯಿತು. ಇದೇ ಅರ್ಥದ ಇನ್ನೊಂದು ಶಬ್ದ 'ಪೆಕ್ಯುಲೇಶನ್'. ಅದರ ಬೇರು 'ಪೆಕುಸ್', ಅಂದರೆ ದನಕರು. ನೋಡಿದಿರಾ? ಕುಡುಗೋಲೂ ನಮ್ಮದು, ದನವೂ ನಮ್ಮದು. ಕಳವು ಮಾತ್ರ ಮೇಜಿನ ಆಚೆ ಕೂತವರದು!

ಕಡಿತದಿಂದ ಕಳವಿಗೆ ಆ ಶಬ್ದ ನಡೆದ ದಾರಿ ನಮಗೆ ಹೊಸದೇನಲ್ಲ. ತೇವಾಂಶವೆಂದು ತೂಕದಲ್ಲಿ ಕಡಿತ, ಹಮಾಲಿ ಕಡಿತ, ಸಾಲದ ಹಣದಲ್ಲೇ ಷೇರಿಗೆ ಮುರಿದುಕೊಳ್ಳುವುದು. ಲೆಕ್ಕ ಕೇಳದಿದ್ದರೆ ಮುರಿದುಕೊಂಡದ್ದು ಯಾವಾಗ ನುಂಗಿದ್ದಾಯಿತು ಎಂಬುದೇ ತಿಳಿಯುವುದಿಲ್ಲ.

ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆದರೂ 'ದುರುಪಯೋಗ' ಎನ್ನುತ್ತಾರೆ. ಗೊಬ್ಬರ ಹೆಚ್ಚು ಸುರಿದರೂ ಅದು ದುರುಪಯೋಗವೇ. 2024ರಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ ಕೋಟಿಗಟ್ಟಲೆ ಹಣ ಅಕ್ರಮವಾಗಿ ಹೊರಗೆ ಹೋಯಿತು. ನಿಗಮದ ನೌಕರರೊಬ್ಬರು ಪತ್ರ ಬರೆದಿಟ್ಟು ಜೀವ ಕಳೆದುಕೊಂಡ ಮೇಲೆ ಅದು ಬಯಲಾಯಿತು. ಅದಕ್ಕೆ 'ಹಗರಣ' ಎಂದು ಹೆಸರಿಟ್ಟರು. ಇವೆಲ್ಲ ಮೆತ್ತನೆಯ ಶಬ್ದಗಳು. ಕಾನೂನಿನ ಶಬ್ದವೇ ಹೆಚ್ಚು ನೇರ: 'ನಂಬಿಕೆ ದ್ರೋಹ'. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮು.

ಹೌದು, ಇಲ್ಲಿ ಹೋಗುವುದು ಬರೀ ಹಣವಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸಲಿಕ್ಕೆ. ಸಾಹುಕಾರ ಸುಲಿಯುತ್ತಾನೆಂದು ಗೊತ್ತಿದ್ದೇ ಅವನ ಬಾಗಿಲಿಗೆ ಹೋಗುತ್ತಿದ್ದೆವು. ಸಂಘಕ್ಕೆ ನಮ್ಮದೆಂದು ನಂಬಿ ಹೋಗುತ್ತೇವೆ. ಆ ನಂಬಿಕೆ ಕೊಯ್ದುಹೋದರೆ ರೈತ ಮತ್ತೆ ಸಾಹುಕಾರನ ಕಟ್ಟೆಗೇ ಬರಬೇಕಲ್ಲ!

ಹಾಗಾದರೆ ಮಾಡುವುದೇನು? ಬರುವ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿ. ಆಡಿಟ್ ವರದಿಯನ್ನು ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಓದಿರಿ ಎನ್ನಿ. ಎಷ್ಟು ಹಣ, ಯಾರ ಕೈಯಲ್ಲಿ, ಯಾವ ತಾರೀಖಿಗೆ ಎಂದು ಕೇಳಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ವಿಚಾರಣೆಗೆ 64ನೇ ಕಲಮಿದೆ, ನುಂಗಿದವನಿಂದ ವಸೂಲಿಗೆ 69ನೇ ಕಲಮಿದೆ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ, ಅದನ್ನು ಹೊಲದ ಪತ್ರದಷ್ಟೇ ಜೋಪಾನ ಮಾಡಿ.

ತಿಳಿಯದ ಶಬ್ದಕ್ಕೆ ಕೈ ಎತ್ತಬೇಡಿ. ನಾನು ಎತ್ತಿದ್ದೆ. ಎರಡು ಸಲ ಸಾಲ ಕಟ್ಟಿದ ಆ ಬಡವರ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ.