ಸೈಕಲ್ ಕಲಿಯಲು ವಯಸ್ಸಿನ ಹಂಗಿಲ್ಲ, ರಸ್ತೆಗಿಳಿಯಲು ಪಾಠ ಬೇಕು
ಚೆನ್ನೈ ಕನ್ನಡಿಗರಲ್ಲಿ ಒಂದು ಮನವಿ



ಸ್ಕೂಟರ್ ಓಡಿಸಬೇಕಾದರೆ ಎಲ್‌ಎಲ್‌ಆರ್ ಮಾಡಿಸಬೇಕು, ಆರ್‌ಟಿಒ ಮುಂದೆ ಎಂಟು ಹಾಕಿ ತೋರಿಸಬೇಕು. ಕಾರಿಗೆ ಬೀದಿಗೊಂದು ಡ್ರೈವಿಂಗ್ ಸ್ಕೂಲ್ ಇದೆ. ಸೈಕಲ್ಲಿಗೆ ಲೈಸೆನ್ಸ್ ಬೇಡ. ಅದು ಹಾಗೇ ಇರಲಿ, ಬಡವರ ವಾಹನಕ್ಕೆ ಕಚೇರಿಯ ಅಲೆದಾಟ ಬೇಡ. ಆದರೆ ಲೈಸೆನ್ಸ್ ಬೇಡದ್ದಕ್ಕೆ ಕಲಿಕೆಯೂ ಬೇಡ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಅಣ್ಣಾ ಸಾಲೈಯಲ್ಲಿ ಬಸ್ಸು, ನೀರಿನ ಟ್ಯಾಂಕರುಗಳ ನಡುವೆ ಮೈಗೆ ಯಾವ ಆಸರೆಯೂ ಇಲ್ಲದೆ ಹೋಗುವವರಿಗೇ ಪಾಠ ಹೇಳುವವರಿಲ್ಲ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೈಕಲ್ ಸವಾರರು.

ಆದ್ದರಿಂದ ನಮ್ಮ ಬೇಡಿಕೆ ಇದು: ಚೆನ್ನೈ ಮಹಾನಗರ ಪಾಲಿಕೆಯ ಆಟದ ಮೈದಾನಗಳಲ್ಲಿ, ನಮ್ಮ ಕನ್ನಡ ಸಂಘಗಳ ಅಂಗಳಗಳಲ್ಲಿ, ದೊಡ್ಡವರಿಗಾಗಿ ಉಚಿತ ಸೈಕಲ್ ತರಗತಿಗಳು ನಡೆಯಬೇಕು.

ಯಾರಿಗೆ ಬೇಕು ಈ ಪಾಠ?

ಮೊದಲನೆಯದಾಗಿ, ಎಂದೂ ಕಲಿಯದವರಿಗೆ. ಅಣ್ಣತಮ್ಮಂದಿರು ಗಂಟೆ ಬಾಡಿಗೆಯ ಸೈಕಲ್ ತಂದು ಒಳಪೆಡಲ್ ತುಳಿಯುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡಿದ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟೊಂದು ಮಂದಿ ಇದ್ದಾರೆ.

ಎರಡನೆಯದಾಗಿ, ಹಳ್ಳಿಯಲ್ಲಿ ಕಲಿತು ನಗರಕ್ಕೆ ಬಂದವರಿಗೆ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಅಂದು ಅದನ್ನು ತುಳಿದವರಿಗೆ ಈಗ ಮೂವತ್ತು ದಾಟಿದೆ. ಸೈಕಲ್ ಅವರಿಗೆ ಬರುತ್ತದೆ, ಹಳೇ ಮಹಾಬಲಿಪುರಂ ರಸ್ತೆ ಬರುವುದಿಲ್ಲ. ಕೆರೆಯಲ್ಲಿ ಈಜು ಕಲಿತವರು ಮರೀನಾದ ಅಲೆಗೆ ಸುಮ್ಮನೆ ಇಳಿಯುವುದಿಲ್ಲವಲ್ಲ!

ಮೂರನೆಯದಾಗಿ, ದುಡಿಮೆಗಾಗಿ ತುಳಿಯುವವರಿಗೆ. ಹೋಟೆಲ್ ಮುಚ್ಚಿದ ಮೇಲೆ ಕೋಣೆಗೆ ಮರಳುವ ಕೆಲಸಗಾರರು, ನಸುಕಿನಲ್ಲಿ ಪೇಪರ್ ಹಾಕುವವರು, ಫ್ಲಾಸ್ಕ್ ಕಟ್ಟಿಕೊಂಡು ಚಹಾ ಮಾರುವವರು, ರಾತ್ರಿ ಪಾಳಿಯ ವಾಚ್‌ಮನ್‌ಗಳು. ಕತ್ತಲಲ್ಲೇ ಓಡಾಡುವ ಇವರ ಸೈಕಲ್ಲಿಗೆ ಹೆಚ್ಚಾಗಿ ದೀಪವೇ ಇರುವುದಿಲ್ಲ.

ದೊಡ್ಡವರು ಕಲಿತಾರೆಯೇ?

ಪುದುಕ್ಕೋಟ್ಟೈ ಜಿಲ್ಲೆಯನ್ನು ಕೇಳಿ. 1990ರ ದಶಕದ ಆರಂಭದಲ್ಲಿ ಅಲ್ಲಿ ಅರಿವೊಳಿ ಇಯಕ್ಕಂ ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಬೇಕೆಂದು ಹೊರಟವರು ಅಂದಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್. ಕೂಲಿಯವರು, ಕಲ್ಲುಕ್ವಾರಿಯ ಹೆಂಗಸರು, ಬಾಲವಾಡಿ ಶಿಕ್ಷಕಿಯರು, ಆರೋಗ್ಯ ಸಹಾಯಕಿಯರು ಸೈಕಲ್ ಹತ್ತಿದರು. ಗಂಡಸರು ಆಡಿಕೊಂಡರು, ಇವರು ಇಳಿಯಲಿಲ್ಲ. ಲೇಡೀಸ್ ಸೈಕಲ್ ಸಾಲದೆ ಹೋದಾಗ ಜೆಂಟ್ಸ್ ಸೈಕಲ್ಲನ್ನೇ ಹಿಡಿದರು. ನಡುವಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದು ಎಂದು ಅದನ್ನೇ ಮೆಚ್ಚಿದವರೂ ಇದ್ದರು. ಹೀಗೆ ಕಲಿತ ಹೆಂಗಸರು ಲಕ್ಷಕ್ಕೂ ಮೇಲೆ ಎಂದು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಇದೇ ತಮಿಳುನಾಡಿನ ಒಂದು ಬಡ ಜಿಲ್ಲೆ ಮಾಡಿದ್ದನ್ನು ಅದರ ರಾಜಧಾನಿ ಮಾಡಲಾರದೇ?

ತರಗತಿಯಲ್ಲಿ ಏನು ಕಲಿಸಬೇಕು?

1. ಸಮತೋಲ. ಪೆಡಲ್ ಬಿಚ್ಚಿ, ಸೀಟು ಇಳಿಸಿ, ಎರಡೂ ಪಾದ ನೆಲಕ್ಕೆ ತಾಗುವಂತೆ ಕೂತು ನೆಲವನ್ನು ಒದ್ದು ಸಾಗುವುದು. ಹಿಂದಿನಿಂದ ಯಾರೂ ಸೀಟು ಹಿಡಿಯಬೇಕಿಲ್ಲ. ಮೈ ಹಗುರಾದ ಮೇಲೆ ಪೆಡಲ್.

2. ಹಿಡಿತ. ಎರಡೂ ಬ್ರೇಕು ಒಟ್ಟಿಗೆ ಹಿಡಿಯುವುದು, ಓಲಾಡದೆ ಹಿಂತಿರುಗಿ ನೋಡುವುದು, ಒಂದು ಕೈ ಬಿಟ್ಟು ಸನ್ನೆ ಮಾಡುವುದು.

3. ರಸ್ತೆಯಲ್ಲಿ ಜಾಗ. ‘ಓರಂ ಪೋ’ (ಅಂಚಿಗೆ ಹೋಗು) ಎಂದು ಊರೆಲ್ಲ ಕೂಗುತ್ತದೆ. ಹೆದರಿ ತೀರಾ ಅಂಚಿಗೆ ಸರಿದರೆ ಸಿಗುವುದು ಮರಳು, ಮುರಿದ ಚರಂಡಿ ಕಲ್ಲು, ನಿಲ್ಲಿಸಿದ ಕಾರಿನಿಂದ ತಟ್ಟನೆ ತೆರೆಯುವ ಬಾಗಿಲು. ನಿಲ್ಲಿಸಿದ ಕಾರುಗಳಿಂದ ಒಂದು ಮೀಟರ್ ದೂರ ಬಿಟ್ಟು ನೇರ ಗೆರೆಯಲ್ಲಿ ಸಾಗಬೇಕು. ಅವುಗಳ ನಡುವೆ ನುಸುಳಿ ಹೊರಬರುವವರಿಗಿಂತ ಹೀಗೆ ಸಾಗುವವರೇ ಹಿಂದಿನ ಚಾಲಕನ ಕಣ್ಣಿಗೆ ಬೀಳುತ್ತಾರೆ.

4. ದೊಡ್ಡ ಗಾಡಿಗಳು. ಎಡಕ್ಕೆ ತಿರುಗುವ ಬಸ್ಸು, ಲಾರಿಗಳ ಎಡಬದಿಗೆ ನುಗ್ಗಲೇಬಾರದು. ಅಲ್ಲಿರುವವರು ಚಾಲಕನಿಗೆ ಕಾಣುವುದಿಲ್ಲ. ತಿರುಗುವಾಗ ಹಿಂದಿನ ಚಕ್ರ ಒಳಕ್ಕೆ ಎಳೆಯುತ್ತದೆ. ನಿಲ್ದಾಣದಲ್ಲಿ ನಿಂತ ಬಸ್ಸಿನ ಹಿಂದೆ ಒಂದು ನಿಮಿಷ ಕಾಯುವುದರಿಂದ ನಷ್ಟವಿಲ್ಲ.

5. ಮಳೆ, ಕತ್ತಲೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ನೀರು ನಿಂತಲ್ಲಿ ಗುಂಡಿ ಕಾಣದು. ಮ್ಯಾನ್‌ಹೋಲ್ ಮುಚ್ಚಳ, ಬಣ್ಣದ ಪಟ್ಟೆ ಜಾರುತ್ತವೆ. ಅಂಥಲ್ಲಿ ಇಳಿದು ತಳ್ಳುವುದರಲ್ಲಿ ನಾಚಿಕೆಯಿಲ್ಲ. ರಾತ್ರಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲೇಬೇಕು.

6. ಹೊರಡುವ ಮುನ್ನ ಗಾಳಿ, ಬ್ರೇಕು, ಚೈನು ನೋಡುವುದು. ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಂತೆ ಕಟ್ಟುವುದು.

‘ಮೊದಲು ರಸ್ತೆ ಸರಿಮಾಡಲಿ’ ಎನ್ನುವವರಿಗೆ

ಮಾತು ನ್ಯಾಯವಾದದ್ದೇ. ಸವಾರರು ಎಷ್ಟೇ ಪಳಗಿದ್ದರೂ ಕುಡಿದು ಕಾರು ಓಡಿಸುವವನನ್ನು ತಡೆಯಲಾರರು. ಹೆಲ್ಮೆಟ್ ತಲೆಯನ್ನು ಕಾಯುತ್ತದೆ, ಡಿಕ್ಕಿಯನ್ನು ತಪ್ಪಿಸುವುದಿಲ್ಲ. 2014ರಲ್ಲಿ ಚೆನ್ನೈ ಪಾಲಿಕೆ ದೇಶಕ್ಕೇ ಮಾದರಿಯಾಗುವಂಥ ನೀತಿಯೊಂದನ್ನು ಒಪ್ಪಿತು. ಸಾರಿಗೆ ಬಜೆಟ್ಟಿನಲ್ಲಿ ಕನಿಷ್ಠ 60 ಪ್ರತಿಶತ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಎಂದು ಅದರಲ್ಲಿ ಬರೆಯಿತು. ಆ ಮಾತನ್ನು ಉಳಿಸಿಕೊಳ್ಳಿ ಎಂದು ಕೇಳೋಣ. ಆದರೆ ಸೈಕಲ್ ಹತ್ತುವವರೇ ಇಲ್ಲದಿದ್ದರೆ ಸೈಕಲ್ ಪಥಕ್ಕಾಗಿ ದನಿ ಎತ್ತುವವರು ಯಾರು? ಈಗಾಗಲೇ ದಿನವೂ ತುಳಿಯುತ್ತಿರುವವರು ಪಥ ಬರುವವರೆಗೆ ಏನು ಮಾಡಬೇಕು? ಸೈಕಲ್ಲಿಗೇ ಹೆಸರಾದ ನೆದರ್ಲೆಂಡ್ಸ್‌ನಲ್ಲೂ ಹೊರದೇಶಗಳಿಂದ ಬಂದು ನೆಲೆಸಿದ ಹೆಂಗಸರಿಗೆ ಸೈಕಲ್ ತರಗತಿ ನಡೆಸುತ್ತಾರೆ. ಒಳ್ಳೆಯ ರಸ್ತೆ ಇದ್ದಲ್ಲೂ ಪಾಠ ಬೇಕಾಗಿದೆ.

ನಮ್ಮ ಊರಿಗೆ ಅನುಕೂಲಗಳೂ ಇವೆ. ನೆಲ ಸಮತಟ್ಟು, ಏರು ಹತ್ತುವ ಕಷ್ಟವಿಲ್ಲ. 1949ರಲ್ಲಿ ಶುರುವಾದ ಟಿಐ ಸೈಕಲ್ಸ್ ಅಂಬತ್ತೂರಿನಲ್ಲಿ ಸೈಕಲ್ ತಯಾರಿಸಿ ದೇಶಕ್ಕೆಲ್ಲ ಹಂಚಿತು. ಬಿಸಿಲೊಂದು ತೊಡಕು, ತರಗತಿ ಬೆಳಗ್ಗೆ ಆರಕ್ಕೆ ಆರಂಭವಾಗಲಿ.

ಈಗ ಮಾಡಬೇಕಾದದ್ದು

ಟಿ. ನಗರದ ಕರ್ನಾಟಕ ಸಂಘವೂ ನಗರದ ಇತರ ಕನ್ನಡ ಸಂಘಗಳೂ ತಿಂಗಳಲ್ಲಿ ನಾಲ್ಕು ಭಾನುವಾರ ಜಾಗ ಕೊಡಲಿ. ತಮಿಳಿನ ಜೊತೆಗೆ ಕನ್ನಡದಲ್ಲೂ ಹೇಳಿಕೊಡುವವರಿರಲಿ. ಬೀಳುವ ಹೊತ್ತಿಗೆ ಬಾಯಿಗೆ ಬರುವುದು ತಾಯ್ನುಡಿ. ಹೋಟೆಲ್ ಮಾಲೀಕರು ತಮ್ಮ ಕೆಲಸಗಾರರ ಸೈಕಲ್ಲಿಗೆ ದೀಪ ಹಾಕಿಸಿ, ಪಾಠಕ್ಕೆಂದು ಅರ್ಧ ದಿನ ಬಿಡುವು ಕೊಡಲಿ. ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲನ್ನು ರಿಪೇರಿ ಮಾಡಿಸಿ ತರಗತಿಗೆ ಕೊಡಿ.

ಸೈಕಲ್ ಬಲ್ಲವರು ಕಲಿಸಲು ಹೆಸರು ಕೊಡಿ, ಬಾರದವರು ಕಲಿಯಲು ಕೊಡಿ. ಆ ಪಟ್ಟಿಯನ್ನು ಹಿಡಿದು ನಿಮ್ಮ ವಾರ್ಡಿನ ಕೌನ್ಸಿಲರ್ ಹತ್ತಿರ ಹೋಗಿ ಮೈದಾನ ಕೇಳಿ. ಬರಿಗೈಯಲ್ಲಿ ಹೋದವರಿಗೆ ಇಲ್ಲ ಎನ್ನುವುದು ಸುಲಭ. ಐವತ್ತು ಹೆಸರಿನ ಪಟ್ಟಿ ಹಿಡಿದು ಬಂದವರಿಗೆ ಕಷ್ಟ.

ಇಂತು,
ಚೆನ್ನೈನ ಸೈಕಲ್ ಸವಾರ ಕನ್ನಡಿಗರು