ಹುಲಿಕುಂಟೆಗೆ ಎಷ್ಟು ಸ್ಪೆಲಿಂಗು?

ರಾಜ್ಯೋತ್ಸವದ ಚಂದಾ ಪುಸ್ತಕ ಒಯ್ಯಲು ನಮ್ಮ ಕಚೇರಿಗೆ ಒಬ್ಬ ಹುಡುಗ ಬಂದಿದ್ದ. ಊರು ಶಿರಾ ತಾಲ್ಲೂಕಿನ ಹುಲಿಕುಂಟೆ. ಕೆಲಸ ಪೀಣ್ಯದಲ್ಲಿ, ವಾಸ ಲಗ್ಗೆರೆಯಲ್ಲಿ. ಯಾವಾಗಲೂ ಬಂದ ಕೂಡಲೇ ನಾಲ್ಕು ಜನರನ್ನು ನಗಿಸಿ ಹೋಗುವವನು ಅವತ್ತು ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಏನಪ್ಪಾ ಅಂದರೆ ಬಾಯಿ ಬಿಟ್ಟ.

ಊರಲ್ಲಿ ಡಿಗ್ರಿ ಓದುವ ತಂಗಿಗೆಂದು ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡಿದ್ದನಂತೆ. ಪಾಸ್‌ವರ್ಡ್ ಹಾಕಿದವನು ಇವನೇ. ಅದರಲ್ಲಿ ತಂಗಿಯ ಪ್ರಾಜೆಕ್ಟ್ ಇತ್ತು, ಮನೆಯ ಪಹಣಿ, ಮಾರ್ಕ್ಸ್ ಕಾರ್ಡುಗಳ ಸ್ಕ್ಯಾನ್ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ತೀರಿಹೋದ ಅಜ್ಜಿ ಹಾಡಿದ್ದ ಸೋಬಾನೆ ಪದಗಳಿದ್ದವು. ಫೋನಿನಲ್ಲಿ ರೆಕಾರ್ಡ್ ಮಾಡಿ, ಜಾಗ ಸಾಲದೆ ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸಿದ್ದ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮುಟ್ಟದೆ ಬಿಟ್ಟ ಕಂಪ್ಯೂಟರನ್ನು ತೆರೆದರೆ ಅದು ಒಳಗೇ ಬಿಡಲಿಲ್ಲ.

"ಅಣ್ಣಾ, ಪಾಸ್‌ವರ್ಡ್ ಮರ್ತಿರ್ಲಿಲ್ಲ ಕಣಣ್ಣ. ನಮ್ಮೂರ್ ಹೆಸ್ರೇ ಇಟ್ಟಿದ್ದೆ. ಸ್ಪೆಲಿಂಗು ಮರ್ತೋಯ್ತು" ಎಂದ.

ನಗಬೇಡಿ, ಗೆಳೆಯರೇ. ಹುಲಿಕುಂಟೆ ಎಂದು ಕನ್ನಡದಲ್ಲಿ ಬರೆಯಲು ನಾಲ್ಕೇ ಅಕ್ಷರ. ಒಂದನೇ ತರಗತಿಯ ಮಗುವೂ ಒಂದೇ ರೀತಿ ಬರೆಯುತ್ತದೆ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಕೂರಿ. ಮೊದಲ ಉಕಾರಕ್ಕೆ ಯು ಹಾಕಬೇಕೋ, ಎರಡು ಓ ಹಾಕಬೇಕೋ? ಟಿ ಆದ ಮೇಲೆ ಎಚ್ ಬೇಕೋ ಬೇಡವೋ? ಕೊನೆಗೆ ಬರೇ ಇ ಸಾಕೋ, ಇ-ವೈ ಬೇಕೋ, ಇಲ್ಲಾ ಎ ಹಾಕಿ "ಹುಲಿಕುಂಟ" ಮಾಡಬೇಕೋ? ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ? ಲೆಕ್ಕ ಹಾಕಿ ನೋಡಿ, ಒಂದೇ ಊರಿಗೆ ಇಪ್ಪತ್ನಾಲ್ಕು ಸ್ಪೆಲಿಂಗು! ಅದರಲ್ಲಿ ಇಪ್ಪತ್ತಮೂರು ತಪ್ಪು ಎಂದು ಕಂಪ್ಯೂಟರ್ ಹೇಳುತ್ತದೆ. ಯಾವುದು ಸರಿ ಎಂದು ಮಾತ್ರ ಹೇಳುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಸ್ಪೆಲಿಂಗ್ ಇದ್ದು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಈ ಸಂಕಟ ಹೊಸದಲ್ಲ. ಅಲ್ಲಿಯಾದರೂ ಅಫಿಡವಿಟ್ ಕೊಟ್ಟು ಪಾರಾಗಬಹುದು. ಕಂಪ್ಯೂಟರಿಗೆ ಅಫಿಡವಿಟ್ ಕೊಡಲಾದೀತೇ?

ಇವನದು ವಿಂಡೋಸ್ 10, ಮನೆಯೊಳಗಿನ ಲೋಕಲ್ ಖಾತೆ. ಇಂಥ ಖಾತೆಗೆ ಪಾಸ್‌ವರ್ಡ್ ಮರೆತರೆ ಮೂರು ಪ್ರಶ್ನೆಗೆ ಉತ್ತರ ಕೊಟ್ಟು ಒಳಗೆ ಹೋಗುವ ದಾರಿಯನ್ನು ಮೈಕ್ರೋಸಾಫ್ಟ್ 2018ರಲ್ಲಿ ಮಾಡಿದೆ. ಒಳ್ಳೆಯದೇ. ಆದರೆ ಆ ಪ್ರಶ್ನೆಗಳ ಚೆಂದ ನೋಡಿ. ನಿನ್ನ ಮೊದಲ 'ಪೆಟ್' ಹೆಸರೇನು? ನಿನ್ನ ತಂದೆ ತಾಯಿ ಯಾವ ನಗರದಲ್ಲಿ ಭೇಟಿಯಾದರು? ನಿನ್ನ ಅತ್ಯಂತ ಹಿರಿಯ 'ಕಸಿನ್' ಹೆಸರೇನು?

ಸ್ವಾಮಿ, ಹುಲಿಕುಂಟೆ ಹೋಬಳಿಯಲ್ಲಿ ಅಪ್ಪ ಅಮ್ಮ ನಗರದಲ್ಲಿ ಭೇಟಿಯಾಗಲಿಲ್ಲ, ಹಸೆಮಣೆ ಮೇಲೆ ಭೇಟಿಯಾದರು. ಮನೆಯಲ್ಲಿರುವುದು ಎಮ್ಮೆ, ಎತ್ತು, ನಾಯಿ. ಇದರಲ್ಲಿ 'ಪೆಟ್' ಯಾವುದು? ಕಸಿನ್ ಎಂದರೆ ಯಾರು? ದೊಡ್ಡಪ್ಪನ ಮಗ ಅಣ್ಣ, ಸೋದರತ್ತೆ ಮಗ ಭಾವ, ಸೋದರಮಾವನ ಮಗಳು ಮದುವೆಯಾಗುವ ವರಸೆ, ಚಿಕ್ಕಮ್ಮನ ಮಗಳು ತಂಗಿ. ಇಷ್ಟೂ ಜನರನ್ನು ಒಂದೇ ಗೋಣಿಚೀಲಕ್ಕೆ ತುಂಬಿ ಕಸಿನ್ ಎಂದು ಹೊಲಿದುಬಿಟ್ಟರೆ ನಮ್ಮ ಹುಡುಗ ಯಾರ ಹೆಸರು ಬರೆಯಬೇಕು? ಬರೆದರೂ ಮತ್ತದೇ ಇಂಗ್ಲಿಷ್ ಸ್ಪೆಲಿಂಗು! ಮೊದಲ ಶಾಲೆ ಯಾವುದು ಎಂಬ ಪ್ರಶ್ನೆಗೆ ಇವನು ಕೊಟ್ಟಿದ್ದ ಉತ್ತರವೂ ಹುಲಿಕುಂಟೆಯೇ. ಬಾಗಿಲಿನ ಬೀಗಕ್ಕೂ ಬದಲಿ ಬೀಗಕ್ಕೂ ಒಂದೇ ಕೀ, ಆ ಕೀಯೇ ಕಳೆದುಹೋಗಿತ್ತು.

ಕೊನೆಗೆ ಪೇಟೆಯ ಅಂಗಡಿಯೊಂದಕ್ಕೆ ಹೊತ್ತುಕೊಂಡು ಹೋದ. ಅಂಗಡಿಯವನು ನೋಡಿದ, "ಫಾರ್ಮ್ಯಾಟ್ ಮಾಡ್ಬೇಕು" ಅಂದ. ಆ ಪದದ ಅರ್ಥ ಇವನಿಗೆ ಗೊತ್ತಿರಲಿಲ್ಲ. ಸರಿ ಮಾಡುವುದು ಎಂದುಕೊಂಡು ತಲೆಯಾಡಿಸಿದ. ಸಂಜೆ ಕಂಪ್ಯೂಟರ್ ಹೊಸದರಂತೆ ತೆರೆದುಕೊಂಡಿತು. ಒಳಗೆ ಏನೂ ಇರಲಿಲ್ಲ.

ಈ ಮಾತು ಬರೆಯುವಾಗ ನಮಗೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಆ ಹಾಡುಗಳು ಕಳೆದಿರಲೇ ಇಲ್ಲ! ಅಂಥ ಹಳೆಯ ಯಂತ್ರದಲ್ಲಿ ಪಾಸ್‌ವರ್ಡ್ ಎಂದರೆ ಮುಂಬಾಗಿಲ ಚಿಲಕ ಮಾತ್ರ. ಒಳಗಿನ ಸಾಮಾನು ಇದ್ದ ಹಾಗೇ ಇರುತ್ತದೆ. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದ್ದರೆ, ಅಥವಾ ಪೆನ್ ಡ್ರೈವ್‌ನಲ್ಲಿ ಲಿನಕ್ಸ್ ಹಾಕಿ ಅದರಿಂದ ಚಾಲೂ ಮಾಡಿದ್ದರೆ, ಅಜ್ಜಿಯ ಹಾಡೆಲ್ಲ ಹೊರಗೆ ಬರುತ್ತಿತ್ತು. "ಮೊದಲು ಫೈಲ್ ಕಾಪಿ ಮಾಡಿಕೊಡು, ಆಮೇಲೆ ಫಾರ್ಮ್ಯಾಟ್ ಮಾಡು" ಎಂಬ ಒಂದು ವಾಕ್ಯ ಹೇಳಲು ಹುಡುಗನಿಗೆ ಗೊತ್ತಿರಲಿಲ್ಲ. ಹೇಳಿಕೊಟ್ಟವರು ಯಾರು? ಪೆಟ್ಟಿಗೆಯ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿ, ಪರದೆಯ ಮೇಲೆ ಬರುವ ಎಚ್ಚರಿಕೆ ಇಂಗ್ಲಿಷಿನಲ್ಲಿ, ಅಂಗಡಿಯವನ ಬಾಯಲ್ಲೂ ಅರ್ಧಂಬರ್ಧ ಇಂಗ್ಲಿಷು.

ಆದರೆ ಎಚ್ಚರ, ಹೊಸ ಯಂತ್ರಗಳ ಕತೆ ಬೇರೆ. ವಿಂಡೋಸ್ 11 ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ ಕೂಡಲೇ ಡಿಸ್ಕ್ ತಾನಾಗಿಯೇ ಗೂಢಲಿಪಿಯಾಗುತ್ತದೆ. 2024ರ ಆವೃತ್ತಿಯಿಂದ ಇದು ಇನ್ನೂ ಹೆಚ್ಚು ಯಂತ್ರಗಳಿಗೆ ಬಂದಿದೆ. ಬಿಟ್‌ಲಾಕರ್ ಎಂದು ಅದರ ಹೆಸರು. ಅಲ್ಲಿ ಡಿಸ್ಕ್ ಬಿಚ್ಚಿದರೂ ಏನೂ ಸಿಗದು. ಮದರ್‌ಬೋರ್ಡ್ ಬದಲಾದರೆ, ಕೆಲವೊಮ್ಮೆ ಬಯಾಸ್ ಅಪ್‌ಡೇಟ್ ಆದರೂ, ನೀಲಿ ಪರದೆ ಬಂದು 48 ಅಂಕಿಗಳ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಖಾತೆಯ ಪಾಸ್‌ವರ್ಡೂ ಮರೆತು, ಅದಕ್ಕೆ ಕೊಟ್ಟ ಫೋನ್ ನಂಬರಿನ ಸಿಮ್ಮು ರೀಚಾರ್ಜ್ ಇಲ್ಲದೆ ಸತ್ತುಹೋಗಿದ್ದರೆ ಆ ಫೈಲುಗಳಿಗೆ ಎಳ್ಳುನೀರು ಬಿಟ್ಟ ಹಾಗೆಯೇ. ಈ ಪತ್ರಿಕೆ ಓದಿ ಮುಗಿಸಿದ ಮೇಲೆ ಮಾಡಬೇಕಾದ ಮೊದಲ ಕೆಲಸ ಇದು: ಖಾತೆ ತೆರೆದು ಆ 48 ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಮನೆಯ ಟ್ರಂಕಿನಲ್ಲಿಡಿ. ಹಾಗೆಯೇ ಖಾತೆಯಲ್ಲಿರುವ ಫೋನ್ ನಂಬರ್ ಈಗ ನಿಮ್ಮ ಕೈಯಲ್ಲಿರುವುದೇ ನೋಡಿಕೊಳ್ಳಿ.

ಕನ್ನಡದ ಹುಡುಗರಿಗೇ ಆಗುವ ಇನ್ನೊಂದು ತಮಾಷೆ ಇದೆ. ಅಭಿಮಾನದಿಂದ ಕಂಪ್ಯೂಟರಿಗೆ ಕನ್ನಡ ಕೀಲಿಮಣೆ ಸೇರಿಸುತ್ತೀರಿ. ಮಾರನೇ ದಿನ ಪಾಸ್‌ವರ್ಡ್ ಸರಿಯಾಗಿ ಒತ್ತಿದರೂ ತಪ್ಪು ಎನ್ನುತ್ತದೆ. ಚುಕ್ಕೆಗಳು ಮಾತ್ರ ಕಾಣುವುದರಿಂದ ಒಳಗೆ ಬೀಳುತ್ತಿರುವುದು ಕನ್ನಡ ಅಕ್ಷರ ಎಂದು ಗೊತ್ತಾಗುವುದಿಲ್ಲ. ಗಾಬರಿಯಾಗಿ ಅಂಗಡಿಗೆ ಓಡುವ ಮುನ್ನ ಪರದೆಯ ಕೆಳಮೂಲೆಯಲ್ಲಿ ಯಾವ ಭಾಷೆ ಇದೆ ನೋಡಿ. ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿದರೆ ಭಾಷೆ ಬದಲಾಗುತ್ತದೆ. ಪಕ್ಕದ ಕಣ್ಣಿನ ಗುರುತು ಒತ್ತಿದರೆ ಬರೆದದ್ದು ಕಾಣುತ್ತದೆ. ಕ್ಯಾಪ್ಸ್ ಲಾಕ್ ಕೂಡ ನೋಡಿ.

ಹಾಗಾದರೆ ಪಾಸ್‌ವರ್ಡನ್ನೇ ಕನ್ನಡ ಲಿಪಿಯಲ್ಲಿ ಇಟ್ಟರಾಯಿತಲ್ಲ, ಸ್ಪೆಲಿಂಗಿನ ಗೋಳೇ ಇರುವುದಿಲ್ಲ ಎಂದು ಕೇಳುವಿರಿ. ನಮ್ಮ ಜಗಳ ಇರುವುದೇ ಇಲ್ಲಿ. ಬರಹ ಬಂದು ಕಾಲು ಶತಮಾನ ದಾಟಿತು. ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ಮನೆಮಾತು ಮಾಡಿದ ನುಡಿ ಬಂದೂ ಅಷ್ಟೇ ಆಯಿತು. ಆದರೆ ನುಡಿಯೂ ಬರಹವೂ ಎಚ್ಚರವಾಗುವುದು ನೀವು ಒಳಗೆ ಹೋದ ಮೇಲೆ. ಬಾಗಿಲ ಹೊರಗೆ, ಬೀಗದ ಮುಂದೆ ನಿಂತಾಗ ಅವು ಇಲ್ಲ. ಅಲ್ಲಿ ಕನ್ನಡ ಬೇಕೆಂದರೆ ವಿಂಡೋಸಿನ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸೇರಿಸಿ ಅದನ್ನೇ ಕಲಿಯಬೇಕು. ಲಿನಕ್ಸಿನಲ್ಲಿ ಕಗಪ ವಿನ್ಯಾಸವೂ ಸಿಗುತ್ತದೆ. ಅಷ್ಟು ಮಾಡಿದರೂ ಇನ್ನೊಂದು ಗುಂಡಿ ಕಾದಿದೆ. 'ಕೊ' ಎಂಬ ಅಕ್ಷರದ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತನ್ನಿ ಎಂಬ ನಿಯಮ ಯೂನಿಕೋಡ್‌ನಲ್ಲೇ ಇದೆ. ಪಾಲಿಸುವುದು ಬಿಡುವುದು ತಂತ್ರಾಂಶ ಬರೆಯುವವನ ಮರ್ಜಿ! ಆದ್ದರಿಂದ ಇವತ್ತಿನ ಮಟ್ಟಿಗೆ, ಮನಸ್ಸಿಲ್ಲದ ಮನಸ್ಸಿನಿಂದ, ಕನ್ನಡ ಲಿಪಿಯ ಪಾಸ್‌ವರ್ಡ್ ಬೇಡ ಎಂದೇ ಹೇಳುತ್ತೇವೆ. ಅಭಿಮಾನಕ್ಕೆ ಹಾಕಿ ಮನೆಯ ಹೊರಗೆ ನಿಲ್ಲುವುದು ಬೇಡ.

ಇನ್ನು "ಒಂದು ದೊಡ್ಡಕ್ಷರ ಇರಲಿ, ಒಂದು ಅಂಕಿ ಇರಲಿ, ಒಂದು ಚಿಹ್ನೆ ಇರಲಿ" ಎಂಬ ಕಾಟ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬುದೇ ಇಲ್ಲ! ನಮ್ಮ ಲಿಪಿಯಲ್ಲಿ ಇಲ್ಲದ್ದನ್ನು ನಮ್ಮಿಂದ ಕೇಳುವ ಈ ಕಾನೂನು ಮಾಡಿದವರಿಗೆ ಲೋಕದಲ್ಲಿ ಬೇರೆ ಲಿಪಿಗಳಿವೆ ಎಂಬ ನೆನಪೇ ಇರಲಿಲ್ಲ. ತಮಾಷೆಯೆಂದರೆ ಅಮೆರಿಕದವರೇ ಇದನ್ನು ಕೈಬಿಟ್ಟಿದ್ದಾರೆ. ಅಲ್ಲಿನ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2017ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಇಂಥ ಬೆರಕೆ ನಿಯಮ ಬೇಡ, ಕಾರಣವಿಲ್ಲದೆ ಆಗಾಗ ಪಾಸ್‌ವರ್ಡ್ ಬದಲಿಸಲು ಒತ್ತಾಯ ಬೇಡ, ಯೂನಿಕೋಡ್ ಅಕ್ಷರಗಳನ್ನೂ ಒಪ್ಪಿಕೊಳ್ಳಿ ಎಂದಿದೆ. ಉದ್ದವಾಗಿರಲಿ, ನೆನಪಿನಲ್ಲಿರಲಿ ಎಂಬುದು ಅದರ ಸಾರ. ಯೂನಿಕೋಡ್ ಎಂದರೆ ಅದರಲ್ಲಿ ಕನ್ನಡವೂ ಇದೆ. ಅಮೆರಿಕದ ಸರ್ಕಾರಿ ಸಂಸ್ಥೆ ಕನ್ನಡಕ್ಕೆ ಬಾಗಿಲು ತೆರೆಯಿರಿ ಎನ್ನುವಾಗ ಬೆಂಗಳೂರಿನಲ್ಲಿ ಕೂತು ತಂತ್ರಾಂಶ ಬರೆಯುವವರು ಮುಚ್ಚಿಕೊಂಡೇ ಕೂತಿದ್ದಾರೆ.

ಅಲ್ಲಿಯವರೆಗೆ ಏನು ಮಾಡುವುದು? ಊರ ಹೆಸರು, ಹುಡುಗಿಯ ಹೆಸರು, ನಾಯಕನಟನ ಹೆಸರು ಬೇಡ. ನಿಮ್ಮನ್ನು ಬಲ್ಲ ಯಾರಾದರೂ ಊಹಿಸುತ್ತಾರೆ. ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ಹಿಡಿಯಿರಿ: ಹುಣಸೆ, ಲಾಟೀನು, ಬುಧವಾರ, ಕಂಬಳಿ ಎಂಬಂತೆ. (ಇವನ್ನೇ ಇಡಬೇಡಿ, ಅಚ್ಚಾಗಿಬಿಟ್ಟಿವೆ.) ಎಲ್ಲಾ ಚಿಕ್ಕಕ್ಷರದಲ್ಲಿ ಬರೆಯಿರಿ. ಯಾವ ಸ್ಪೆಲಿಂಗ್ ಹಾಕಿದಿರೋ ಅದನ್ನು ಮನೆಯಲ್ಲೇ ಇರುವ ಪುಸ್ತಕದಲ್ಲಿ ಬರೆದಿಡಿ. ಬರೆದಿಡಬಾರದು ಎಂದು ಹೆದರಿಸುವವರಿದ್ದಾರೆ. ಪಾಸ್‌ವರ್ಡನ್ನು ಯಂತ್ರಕ್ಕೇ ಅಂಟಿಸಬೇಡಿ, ಅಷ್ಟೇ. ಮನೆಯಲ್ಲಿ ಇನ್ನೊಬ್ಬರ ಹೆಸರಲ್ಲಿ ಎರಡನೇ ಅಡ್ಮಿನ್ ಖಾತೆ ತೆರೆದಿಡಿ. ಅಣ್ಣನ ಲೋಕಲ್ ಖಾತೆಯ ಪಾಸ್‌ವರ್ಡ್ ಮರೆತರೆ ತಂಗಿಯ ಖಾತೆಯಿಂದ ಹೊಸದು ಹಾಕಬಹುದು.

ಪಾಸ್‌ವರ್ಡೇ ಬೇಡ, ಅಮ್ಮ ಹಾಡು ಕೇಳಲಿಕ್ಕೆ, ತಮ್ಮ ಆಟ ಆಡಲಿಕ್ಕೆ ಇಟ್ಟ ಕಂಪ್ಯೂಟರ್ ಎನ್ನುವವರೂ ಇದ್ದಾರೆ. ತಪ್ಪೇನಿಲ್ಲ. ಲೋಕಲ್ ಖಾತೆಯಲ್ಲಿ ಪಾಸ್‌ವರ್ಡ್ ಬದಲಿಸುವ ಕಡೆ ಹಳೆಯದನ್ನು ಕೊಟ್ಟು ಹೊಸದರ ಜಾಗ ಖಾಲಿ ಬಿಟ್ಟರೆ ಮುಗಿಯಿತು. ಆದರೆ ಅದೇ ಯಂತ್ರದ ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಉಳಿಸಿದ್ದರೆ ಆ ಉದಾರತನ ಬೇಡ.

ಇಷ್ಟು ನಮ್ಮ ಮನೆಯೊಳಗಿನ ಮಾತು. ಈಗ ಬೀದಿಯ ಮಾತು. 2024ರಲ್ಲಿ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕೆಂದು ಕಾನೂನಾಯಿತು. ಅದಕ್ಕಾಗಿ ಬೀದಿಗಿಳಿದು ಲಾಠಿ ತಿಂದವರು, ಜೈಲು ಕಂಡವರು ನಮ್ಮ ನಡುವೆಯೇ ಇದ್ದಾರೆ. ಕಂಪ್ಯೂಟರ್ ಅಂಗಡಿಯ ಬೋರ್ಡು ಈಗ ಕನ್ನಡದಲ್ಲಿದೆ. ಒಳಗೆ ಹೋಗಿ ಪೆಟ್ಟಿಗೆ ತೆರೆದು ನೋಡಿ, ಶೇಕಡ ಎಷ್ಟಿದೆ? ವಿಂಡೋಸ್‌ಗೆ ಕನ್ನಡದ ಭಾಷಾ ಪ್ಯಾಕ್ ಬಿಟ್ಟಿಯಾಗಿ ಸಿಗುತ್ತದೆ, ಎಲ್ಲವನ್ನೂ ಅಲ್ಲದಿದ್ದರೂ ಹೆಚ್ಚು ಬಳಸುವ ಭಾಗವನ್ನು ಕನ್ನಡ ಮಾಡುತ್ತದೆ. ಹಾಕಿಕೊಡುವ ಅಂಗಡಿ ಯಾವುದಿದೆ? ಅದಿರಲಿ, ಹಳದಿ ಕೆಂಪು ಶಾಲು ಹೊದ್ದ ನಮ್ಮಲ್ಲೇ ಎಷ್ಟು ಜನ ಹಾಕಿಕೊಂಡಿದ್ದೇವೆ? ಈ ಪ್ರಶ್ನೆ ಕೇಳಿದಾಗ ನಮ್ಮ ಕಚೇರಿಯಲ್ಲೂ ಎಲ್ಲರೂ ನೆಲ ನೋಡಿದರು.

ಪಾಸ್‌ವರ್ಡಿಗೆ ಗುಪ್ತಪದ ಎನ್ನಬೇಕೋ ಪ್ರವೇಶಪದ ಎನ್ನಬೇಕೋ ಎಂದು ಪಂಡಿತರು ಚರ್ಚಿಸುತ್ತಿರಲಿ, ನಮಗೆ ಅಭ್ಯಂತರವಿಲ್ಲ. ನಮಗೆ ಬೇಕಾಗಿರುವುದು ಒಂದು ಹಾಳೆ. ಬೀಗ ಬಿದ್ದರೆ ಏನು ಮಾಡಬೇಕು, ಫಾರ್ಮ್ಯಾಟ್ ಎಂದರೆ ಏನು ಹೋಗುತ್ತದೆ, 48 ಅಂಕಿ ಎಲ್ಲಿದೆ ಎಂದು ತಿಳಿಗನ್ನಡದಲ್ಲಿ ಹೇಳುವ ಹಾಳೆ. ರಾಜ್ಯದಲ್ಲಿ ಮಾರುವ ಪ್ರತಿ ಕಂಪ್ಯೂಟರಿನ ಜೊತೆ ಅದು ಬರಬೇಕು. ಸರ್ಕಾರ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಡುವಾಗಲೆಲ್ಲ ಕನ್ನಡ ಪ್ಯಾಕ್ ಹಾಕಿ, ಈ ಹಾಳೆ ಇಟ್ಟೇ ಕೊಡಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇದನ್ನು ಕೈಗೆತ್ತಿಕೊಳ್ಳಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳಿಂದಲೇ ಶುರುವಾಗಲಿ. ಆಂಧ್ರದ ಗಡಿಗೆ ಅಂಟಿಕೊಂಡು ಕನ್ನಡ ಉಳಿಸಿಕೊಂಡು ಬಂದ ಸೀಮೆ ಅದು.

ಆ ಹುಡುಗನ ಡಿಸ್ಕನ್ನು ನಮ್ಮ ಬಳಗದ ಒಬ್ಬ ತಂತ್ರಜ್ಞ ಗೆಳೆಯ ಮೂರು ರಾತ್ರಿ ಕೂತು ಕೆದಕಿದ. ಅಳಿಸಿದ್ದರ ಮೇಲೆ ಇನ್ನೊಂದು ಬರೆದಾಗಿದ್ದ ಜಾಗದಿಂದ ಏನೂ ಬರಲಿಲ್ಲ. ಬರೆಯದೆ ಉಳಿದಿದ್ದ ಜಾಗದಿಂದ ಎರಡು ಹಾಡು ಸಿಕ್ಕವು, ಒಂದಕ್ಕೆ ಕೊನೆಯಿಲ್ಲ. ಹುಡುಗ ಕಚೇರಿಯಲ್ಲೇ ಇಯರ್‌ಫೋನ್ ಹಾಕಿಕೊಂಡು ಕೇಳಿದ. ಹೊಸ ಪಾಸ್‌ವರ್ಡ್ ಇಟ್ಟಿದ್ದೀನಿ ಎಂದ. ಯಾವುದೆಂದು ನಾವು ಕೇಳಲಿಲ್ಲ. ಸ್ಪೆಲಿಂಗ್ ಬರೆದಿಟ್ಟಿದ್ದೀಯೇನಪ್ಪಾ ಎಂದಷ್ಟೇ ಕೇಳಿದೆವು.