ಐವತ್ತು ತಗೊಂಡು ಪಾಸಾದ ಸೀಲಿಂಗ್

ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೋದ ಸೀನಿಯರ್ಸ್ ಹತ್ತಿರ ಮಾತಾಡಿ ನೋಡಿ. ಚಳಿ, ಬಾಡಿಗೆ, ಅಡುಗೆ ಸರದಿ ಎಲ್ಲಾ ಮುಗಿದ ಮೇಲೆ ಒಂದು ದೂರು ಬರುತ್ತೆ: ಮೇಲಿನ ಮನೆಯವರು ನಡೆದರೆ ನಮ್ಮ ತಲೆ ಮೇಲೇ ನಡೆದ ಹಾಗಿರುತ್ತೆ. ಅಲ್ಲಿ ಮೂರ್ನಾಲ್ಕು ಮಹಡಿಯ ಅಪಾರ್ಟ್‌ಮೆಂಟುಗಳಲ್ಲಿ ಬಹಳಷ್ಟು ಮರದ ಚೌಕಟ್ಟಿನವು. ಮರದ ತೊಲೆ, ಅದರ ಮೇಲೆ ಪ್ಲೈವುಡ್, ಕೆಳಗೆ ಜಿಪ್ಸಮ್ ಬೋರ್ಡ್, ನಡುವೆ ಟೊಳ್ಳು. ಕಾಂಕ್ರೀಟ್ ಸ್ಲ್ಯಾಬ್ ಕೆಳಗೆ ಬೆಳೆದ ನಮಗೆ ಅದು ನಗಾರಿಯೊಳಗೆ ಮಲಗಿದ ಹಾಗೆ.

ಇದಕ್ಕೆ ಎಲ್ಲರೂ ಕೊಡೋ ಸಲಹೆ, ಫೋಮ್ ಅಂಟಿಸಿ ಅಂತ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತೆ, ಸೀಲಿಂಗ್ ದಾಟಿ ಬರೋ ಶಬ್ದವನ್ನಲ್ಲ. ಟೊಳ್ಳಿನಲ್ಲಿ ಗ್ಲಾಸ್‌ವುಲ್ ತುಂಬಿದರೆ ಸ್ವಲ್ಪ ಉಪಯೋಗ ಇದೆ. ಆದರೆ ಬೋರ್ಡನ್ನು ನೇರವಾಗಿ ತೊಲೆಗೇ ಬಿಗಿದಿದ್ದರೆ ಕಂಪನ ಮರದಲ್ಲೇ ಇಳಿದು ಬರುತ್ತೆ. ಅದಕ್ಕೇ ಬೋರ್ಡನ್ನು ತೊಲೆಯಿಂದ ಬೇರ್ಪಡಿಸಿ ರಬ್ಬರ್ ಕ್ಲಿಪ್ ಅಥವಾ ರೆಸಿಲಿಯಂಟ್ ಚಾನಲ್ ಮೇಲೆ ತೂಗುಹಾಕೋದು. ಅಲ್ಲೂ ಒಂದು ಉದ್ದನೆ ಸ್ಕ್ರೂ ಚಾನಲ್ ದಾಟಿ ತೊಲೆಗೆ ಕಚ್ಚಿಕೊಂಡರೆ ಶಾರ್ಟ್ ಸರ್ಕ್ಯೂಟ್. ಎಲೆಕ್ಟ್ರಿಕಲ್‌ನವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲಾ ಸರಿಯಾಗಿ ಮಾಡಿದ ಮನೆಯಲ್ಲೂ ಹೆಜ್ಜೆ ಕೇಳುತ್ತೆ ಅನ್ನೋದೇ ನನ್ನ ತಕರಾರು. ಅಲ್ಲಿನ ಹೆಚ್ಚಿನ ರಾಜ್ಯಗಳು ಆಧಾರವಾಗಿ ಇಟ್ಟುಕೊಂಡಿರುವ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಎರಡು ಮನೆಗಳ ನಡುವಿನ ನೆಲಕ್ಕೆ ಐಐಸಿ 50 ಇರಬೇಕು (ಕಟ್ಟಿದ ಮೇಲೆ ಸ್ಥಳದಲ್ಲೇ ಅಳೆದರೆ 45 ಸಾಕು). ಅಳೆಯೋದು ಹೇಗೆ? ಅರ್ಧ ಕಿಲೋದ ಐದು ಸುತ್ತಿಗೆಗಳ ಯಂತ್ರವೊಂದು ಮೇಲಿನ ನೆಲವನ್ನು ಟಕಟಕ ಕುಟ್ಟುತ್ತೆ, ಕೆಳಗೆ ಶಬ್ದ ಅಳೀತಾರೆ. ಲೆಕ್ಕಕ್ಕೆ ಬರೋದು 100ರಿಂದ 3150 ಹರ್ಟ್ಸ್ ಮಾತ್ರ. ಬರಿಗಾಲಲ್ಲಿ ಹಿಮ್ಮಡಿ ಊರಿದಾಗ ಹಗುರವಾದ ಮರದ ನೆಲ ಧಬ್ ಅನ್ನುತ್ತಲ್ಲ, ಅದರ ಬಹುಪಾಲು ಇರೋದು 100ಕ್ಕಿಂತ ಕೆಳಗೆ. ಜನರನ್ನು ಕಾಡೋ ಶಬ್ದವನ್ನೇ ಕೋಡ್ ಕಿವಿಗೆ ಹಾಕಿಕೊಳ್ಳಲ್ಲ! ಮೇಲೊಂದು ಮೆತ್ತನೆ ಕಾರ್ಪೆಟ್ ಹಾಸಿದರೆ ಟಕಟಕ ಹೋಗಿ ಅಂಕ ಏರುತ್ತೆ, ಧಬ್ ಹಾಗೇ ಉಳಿಯುತ್ತೆ.

ಕ್ಲಿಪ್ ಯಾಕೆ ಇದನ್ನು ತಡೆಯಲ್ಲ ಅಂತ ಮೆಕ್ಯಾನಿಕಲ್‌ನವರು ವೈಬ್ರೇಶನ್ ಪಾಠದಲ್ಲೇ ಓದಿರ್ತಾರೆ. ತೂಗುಹಾಕಿದ ಸೀಲಿಂಗ್ ಒಂದು ಸ್ಪ್ರಿಂಗ್-ಮಾಸ್ ವ್ಯವಸ್ಥೆ. ಅದರ ಸಹಜ ಕಂಪನಾಂಕದ √2 ಪಟ್ಟು ದಾಟಿದ ಮೇಲಷ್ಟೇ ತಡೆ ಶುರು. ಅದಕ್ಕಿಂತ ಕೆಳಗೆ ತಡೆಯೋದಿರಲಿ, ಕಂಪನ ಹೆಚ್ಚಲೂಬಹುದು. ಕಂಪನಾಂಕ ಇಳಿಸೋಕೆ ತೂಕ ಬೇಕು: ಸೀಲಿಂಗಿಗೆ ಎರಡು ಪದರ ಬೋರ್ಡ್. ಜೊತೆಗೆ ಪ್ಲೈವುಡ್ ಮೇಲೆ ಇಂಚು, ಒಂದೂವರೆ ಇಂಚು ಜಿಪ್ಸಮ್ ಕಾಂಕ್ರೀಟ್ ಸುರಿದರೆ ನೆಲವೂ ಭಾರವಾಗುತ್ತೆ. ಇದಕ್ಕೆ ದುಡ್ಡು ಖರ್ಚಾಗುತ್ತೆ, ತೊಲೆಗಳೂ ಆ ಭಾರ ಹೊರಬೇಕು. ಪಾಸ್ ಆಗೋಕೆ ಬೇಕಿಲ್ಲ ಅಂದಮೇಲೆ ಬಿಲ್ಡರ್ ಯಾಕೆ ಮಾಡ್ತಾನೆ?

ಚಿಕ್ಕ ಕೋಣೆಗಳಲ್ಲಿ ಅಷ್ಟು ಕೆಳಗಿನ ಕಂಪನಾಂಕ ಅಳೆಯೋದು ಕಷ್ಟ, ಮೈಕ್ ಜರುಗಿಸಿದರೆ ಅಂಕವೇ ಬದಲಾಗುತ್ತೆ ಅನ್ನೋ ವಾದ ಇದೆ. ಅದು ನಿಜವೇ. ಆದರೆ ಮರದ ಮನೆಗಳಲ್ಲೇ ಬದುಕೋ ಸ್ವೀಡನ್‌ನವರು 50 ಹರ್ಟ್ಸ್‌ನಿಂದ ಲೆಕ್ಕ ಹಿಡಿಯೋ ನಿಯಮ ಮಾಡಿಕೊಂಡಿದ್ದಾರೆ. ಅಮೆರಿಕದ ಕೋಡ್ ಕೂಡ ಅಲ್ಲಿಗೆ ಇಳೀಬೇಕು.

ಈಗಂತೂ ಬಾಡಿಗೆಗಿರೋರು ಸೀಲಿಂಗ್ ಬಿಚ್ಚುವ ಹಾಗಿಲ್ಲ. ಪೊರಕೆ ಹಿಡಿಯಿಂದ ಸೀಲಿಂಗ್ ಕುಟ್ಟುತ್ತಾರೆ, ಮ್ಯಾನೇಜರ್‌ಗೆ ಮೇಲ್ ಹಾಕ್ತಾರೆ. ಮೇಲಿನ ಮನೆಯಮ್ಮ ಮೂರು ವರ್ಷದ ಮಗುವಿಗೆ "ಓಡಬೇಡ, ಕೆಳಗಿನವರು ಬೈತಾರೆ" ಅಂತ ದಿನವಿಡೀ ಗದರುತ್ತಾ ಇರ್ತಾಳೆ.